ಸೂಪರ್‌ಹೀರೋಗೆ ಲೆಕ್ಕಪತ್ರ ಯಾಕೆ ಮಾರಾಯ್ರೆ?

ನಮ್ಮ ಶನಿವಾರದ ಆಟಕ್ಕೆ ನಾನು ಬರೆದಿದ್ದ ಹೌಸ್ ರೂಲ್ಸ್ 14 ಪುಟ ಇತ್ತು. ಗೂಗಲ್ ಡಾಕ್ಸ್‌ನಲ್ಲಿ, ಪರಿವಿಡಿ ಸಮೇತ. ಬಸ್ಸನ್ನು ಎತ್ತಿ ಬಿಸಾಡಿದರೆ ಎಷ್ಟು ದೂರ ಹೋಗ್ತದೆ, ಒಳಗೆ ಜನ ಇದ್ದರೆ ಎಷ್ಟು, ಖಾಲಿ ಇದ್ದರೆ ಎಷ್ಟು. ಹಾರುವಾಗ ಮಳೆ ಬಂದರೆ ವೇಗದಲ್ಲಿ ಎಷ್ಟು ಕಳೆಯಬೇಕು (ಮಣಿಪಾಲದಲ್ಲಿ ಈ ನಿಯಮ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡುವಿಲ್ಲದೆ ಜಾರಿಯಲ್ಲಿರ್ತದೆ). ಇಬ್ಬರು ಹೀರೋಗಳು ಒಟ್ಟಿಗೆ ಒಬ್ಬನಿಗೆ ಗುದ್ದಿದರೆ ಎರಡೂ ಪೆಟ್ಟನ್ನು ಕೂಡಿಸಬೇಕಾ, ದೊಡ್ಡದನ್ನು ಮಾತ್ರ ಹಿಡೀಬೇಕಾ. ಇದರ ಜೊತೆಗೆ ತನ್ನಷ್ಟಕ್ಕೇ ಲೆಕ್ಕ ಹಾಕುವ ಎಕ್ಸೆಲ್ ಶೀಟು, ಲ್ಯಾಮಿನೇಷನ್ ಮಾಡಿಸಿದ ನಾಲ್ಕು ಚಾರ್ಟು, ಸರದಿ ತಪ್ಪದಂತೆ ಮೊಬೈಲಿನಲ್ಲಿ ಟೈಮರ್. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವ. ಯಾರೂ ಯೋಚಿಸದ ಮೂಲೆಯಲ್ಲಿ ಏನು ಕೆಟ್ಟು ನಿಲ್ತದೆ ಅಂತ ಹುಡುಕುವುದಕ್ಕೇ ನನಗೆ ಸಂಬಳ ಕೊಡೋದು. ಹಾಗಾಗಿ ಆ 14 ಪುಟದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಈ ಬರಹ ಆ 14 ಪುಟಗಳ ವಿರುದ್ಧ. ಅಂಥದ್ದನ್ನು ಬರೆದು ಗ್ರೂಪಿಗೆ ಹಾಕಿ "ದಯವಿಟ್ಟು ಎಲ್ಲರೂ ಓದಿಕೊಂಡು ಬನ್ನಿ" ಅನ್ನುವ ಎಲ್ಲರ ವಿರುದ್ಧವೂ ಹೌದು.

ಗೊತ್ತಿಲ್ಲದವರಿಗೆ ಎರಡು ಮಾತು. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಆ ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಕೂತು ಆಡುವ ಆಟ ನೆನಪಿರಬಹುದು. ಅದು 1974ರಲ್ಲಿ ಬಂದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್. ನಾವು ಆಡುವುದು ಅದರ ದಾಯಾದಿ. ಕತ್ತಿ, ಡ್ರ್ಯಾಗನ್ ಬದಲು ಇಲ್ಲಿ ಸೂಪರ್‌ಹೀರೋಗಳು. ನಾಲ್ಕೈದು ಜನ ಮೇಜಿನ ಸುತ್ತ ಕೂರ್ತೇವೆ. ಒಬ್ಬೊಬ್ಬರ ಕೈಯಲ್ಲಿ ಒಂದು ಹಾಳೆ, ಅದರಲ್ಲಿ ನಮ್ಮ ನಮ್ಮ ಹೀರೋವಿನ ಶಕ್ತಿ, ದೌರ್ಬಲ್ಯ. ಒಬ್ಬ ಮಾತ್ರ ಆಟ ನಡೆಸುವವ: ಊರು, ವಿಲನ್, ಪೊಲೀಸ್, ಹವಾಮಾನ ಎಲ್ಲ ಅವನದ್ದೇ. ಅವನನ್ನು ಜಿಎಂ ಅಂತಾರೆ. "ನಾನು ಹೀಗೆ ಮಾಡ್ತೇನೆ" ಅಂತ ನೀವು ಹೇಳ್ತೀರಿ, ಆಗ್ತದೋ ಇಲ್ಲವೋ ಅನ್ನುವ ಸಂಶಯ ಇದ್ದಲ್ಲಿ ದಾಳ ಹಾಕ್ತೀರಿ. ಇಷ್ಟೇ ಆಟ. ಪುಸ್ತಕದ ನಿಯಮಕ್ಕೆ ನಮ್ಮ ಮೇಜಿನವರು ಮಾಡಿಕೊಂಡ ತಿದ್ದುಪಡಿ ಹೌಸ್ ರೂಲ್. ಚಾರ್ಟು, ನಕ್ಷೆ, ಗೊಂಬೆ, ಆ್ಯಪು ಇವೆಲ್ಲ ಆಟಕ್ಕೆ ಸಹಾಯ ಅಂತ ಮೇಜಿನ ಮೇಲೆ ಬರುವ ಸಾಮಾನು.

ಸೂಪರ್‌ಹೀರೋ ಆಟಗಳಿಗೆ ಈ ಲೆಕ್ಕದ ರೋಗ ಹುಟ್ಟಿನಿಂದಲೇ ಉಂಟು. ಕಾರಣ ಸರಳ. ಒಬ್ಬ ಗೋಡೆ ಹತ್ತುವವ, ಇನ್ನೊಬ್ಬ ಗ್ರಹವನ್ನೇ ತಳ್ಳುವವ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಬೇಕು, ಇಬ್ಬರಿಗೂ ಬೇಜಾರಾಗಬಾರದು. 1981ರ 'ಚಾಂಪಿಯನ್ಸ್' ಇದಕ್ಕೆ ಅಂಕಗಳ ಬಜೆಟ್ ತಂದಿತು: ಇಷ್ಟು ಅಂಕ ಕೊಡ್ತೇವೆ, ಬೇಕಾದ ಶಕ್ತಿ ಕೊಂಡುಕೊಳ್ಳಿ. ಒಳ್ಳೇ ಉಪಾಯವೇ. ಆದರೆ ಅದೇ ಪುಸ್ತಕ ಹೊಡೆದಾಟದ 12 ಸೆಕೆಂಡನ್ನು 12 ತುಂಡು ಮಾಡಿ, ಯಾವ ತುಂಡಿನಲ್ಲಿ ಯಾರು ಕೈ ಎತ್ತಬಹುದು ಅಂತ ಕೋಷ್ಟಕವನ್ನೂ ಕೊಟ್ಟಿತು. 2002ರಲ್ಲಿ ಬಂದ 'ಮ್ಯುಟೆಂಟ್ಸ್ ಆಂಡ್ ಮಾಸ್ಟರ್‌ಮೈಂಡ್ಸ್' ಎಷ್ಟೋ ವಾಸಿ. ಆದರೂ ಅದರ ಮೂರನೇ ಆವೃತ್ತಿಯಲ್ಲಿ ಹತ್ತನೇ ಲೆವೆಲ್ಲಿನ ಹೀರೋ ಮಾಡಲಿಕ್ಕೆ 150 ಅಂಕ ಹಂಚಬೇಕು. ನಮ್ಮ ಹುಡುಗರು ಆ 150ನ್ನು ಹಂಚಿದ್ದು ನೋಡಿದರೆ ಮಾರ್ಚ್ ತಿಂಗಳ ಟ್ಯಾಕ್ಸ್ ಪ್ಲಾನಿಂಗ್ ನೆನಪಾಗಬೇಕು.

ಆ ಪುಸ್ತಕಗಳಲ್ಲಿ ಇಲ್ಲದ್ದನ್ನು ನಾನು ಸೇರಿಸಿದೆ. ಈಶ್ವರನಗರದ ಫ್ಲ್ಯಾಟಿನಲ್ಲಿ ಒಂದು ರಾತ್ರಿ, ಮಲ್ಪೆ ಬಂದರಿನಲ್ಲಿ ನಡೆಯುವ ಒಂದೇ ಒಂದು ಹೊಡೆದಾಟ. ಕತೆಯ ಒಳಗೆ ಅರ್ಧ ನಿಮಿಷವೂ ಆಗಿರಲಿಲ್ಲ, ಹೊರಗೆ ಮೂರು ಗಂಟೆ ಹೋಗಿತ್ತು. ಎಕ್ಸೆಲ್ ಹ್ಯಾಂಗ್ ಆಗಿ ಹತ್ತು ನಿಮಿಷ ಕಾದದ್ದು ಬೇರೆ. ಬಂದರು ಹೇಗಿತ್ತು, ದೋಣಿಯವರು ಎಲ್ಲಿ ಹೋದರು, ಅಲ್ಲಿ ಮೀನು ಹರಗಿದ್ದ ಹೆಂಗಸರಿಗೆ ಎಂತ ಆಯ್ತು, ಇದನ್ನು ಯಾರೂ ಕೇಳಲಿಲ್ಲ. ಕೇಳಲಿಕ್ಕೆ ಯಾವ ಪುಟದಲ್ಲೂ ನಿಯಮ ಇರಲಿಲ್ಲ.

ಇಲ್ಲಿ ಎದುರಿನವರ ವಾದವನ್ನೂ ಹೇಳಬೇಕು. ನಿಯಮ ಇಲ್ಲದಿದ್ದರೆ ಜಿಎಂ ಹೇಳಿದ್ದೇ ಕೊನೆ, ಅವನ ದೋಸ್ತಿಗಳೇ ಗೆಲ್ಲುವುದು, ಜಗಳ ಆಗುವುದು ಅಂತಾರೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ತುಳುನಾಡಿನಲ್ಲಿ ಹುಟ್ಟಿದವರು ತಳ್ಳಿಹಾಕಲೂಬಾರದು. ಚೆನ್ನೆಮಣೆಯಲ್ಲಿ ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕು ಕಾಯಿ. ಅಜ್ಜಿ ಮನೆಯಲ್ಲಿ ಕಲಿತ ಆಟವನ್ನು ಅತ್ತೆ ಮನೆಯಲ್ಲಿ ಆಡಲಿಕ್ಕೆ ಕೂತರೆ ಮೊದಲ ಹತ್ತು ನಿಮಿಷ "ನಮ್ಮಲ್ಲಿ ಹಾಗಲ್ಲ" ಅನ್ನುವುದರಲ್ಲೇ ಹೋಗ್ತದೆ. ಅದೂ ಹೌಸ್ ರೂಲೇ ಅಲ್ವಾ? ಸಿರಿ ಪಾಡ್ದನದ ಕೊನೆಯಲ್ಲಿ ಅಬ್ಬಗ ದಾರಗ ಅನ್ನುವ ಅವಳಿ ಅಕ್ಕತಂಗಿ ಇದೇ ಚೆನ್ನೆ ಆಡಲಿಕ್ಕೆ ಕೂತು, ಜಗಳ ಆಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆದು ಕೊಲ್ತಾಳೆ, ಆಮೇಲೆ ತಾನೂ ಬಾವಿಗೆ ಹಾರ್ತಾಳೆ. ಆಟ ಅಂದರೆ ಬರೀ ಆಟ ಅಂತ ನಮ್ಮ ಊರಲ್ಲಿ ಯಾವತ್ತೂ ಯಾರೂ ತಿಳಿದಿರಲಿಲ್ಲ.

ಆದ್ದರಿಂದ ನಿಯಮ ಬೇಡ ಅಂತ ನಾನು ಹೇಳ್ತಾ ಇಲ್ಲ. ನಿಯಮ ಯಾವುದರ ಮೇಲೆ ಅನ್ನುವುದು ಪ್ರಶ್ನೆ. ಹಾಳೆಯಲ್ಲಿ ಏನಕ್ಕೆ ಅಂಕ ಉಂಟೋ ಮೇಜಿನಲ್ಲಿ ಕೂತವರ ಕಣ್ಣು ಅದನ್ನೇ ನೋಡ್ತದೆ.

1984ರಲ್ಲಿ ಟಿಎಸ್‌ಆರ್ ಕಂಪನಿ ತಂದ 'ಮಾರ್ವೆಲ್ ಸೂಪರ್ ಹೀರೋಸ್' ಆಟಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಜೆಫ್ ಗ್ರಬ್ ಅನ್ನುವವರು ಮಾಡಿದ ಆಟ. ಗುದ್ದುವುದು, ಹಾರುವುದು, ಯೋಚಿಸುವುದು ಎಲ್ಲವೂ ಬಿಳಿ, ಹಸಿರು, ಹಳದಿ, ಕೆಂಪು ಬಣ್ಣದ ಒಂದೇ ಕೋಷ್ಟಕದಲ್ಲಿ ಮುಗೀತದೆ. ನನ್ನ ಲೆಕ್ಕದಲ್ಲಿ ಇಷ್ಟು ವರ್ಷದಲ್ಲಿ ಬಂದ ಎಲ್ಲ ಚಾರ್ಟುಗಳಲ್ಲಿ ಅದೇ ಉತ್ತಮ, ಯಾಕೆಂದರೆ ಅದು ಒಂದೇ ಹಾಳೆ. ಮಜಾ ಇರುವುದು ಬೇರೆ ಕಡೆ. ಆ ಆಟದಲ್ಲಿ ಹೀರೋಗೆ ಸಿಗುವ ಅಂಕದ ಹೆಸರು ಕರ್ಮ. ಹೌದು, ನಮ್ಮದೇ ಶಬ್ದ. ಜನರನ್ನು ಉಳಿಸಿದರೆ ಕರ್ಮ ಬರ್ತದೆ, ದಾಳ ಕೈಕೊಟ್ಟಾಗ ಅದನ್ನು ಖರ್ಚು ಮಾಡಿ ಫಲಿತಾಂಶ ಎತ್ತಿಕೊಳ್ಳಬಹುದು. ಮನೆಯವರಿಗೆ ಕೊಟ್ಟ ಮಾತು ತಪ್ಪಿಸಿದರೆ ಕರ್ಮ ಹೋಗ್ತದೆ. ಹೀರೋ ಯಾರನ್ನಾದರೂ ಕೊಂದರೆ ಅಲ್ಲಿಯ ತನಕ ಕೂಡಿಟ್ಟ ಕರ್ಮ ಪೂರ್ತಿ ಸೊನ್ನೆ. ಇಷ್ಟೇ ಒಂದು ನಿಯಮ. ಕೊಲ್ಲಬೇಡಿ ಅಂತ ಭಾಷಣ ಇಲ್ಲ, ಆದರೆ ಆ ಮೇಜಿನಲ್ಲಿ ಎಲ್ಲರೂ ಕೊಲ್ಲದೇ ಗೆಲ್ಲುವ ದಾರಿ ಹುಡುಕ್ತಾರೆ. ಆ ಒಂದು ಸಾಲಿನ ಕೆಲಸ ನನ್ನ 14 ಪುಟ ಮಾಡಲಿಲ್ಲ.

ಈಗ ಕಾರ್ಕಳದ ಗೆಳೆಯನ ವಿಷಯಕ್ಕೆ ಬರ್ತೇನೆ. ಅವನ ಹೆಸರು ಬೇಡ.

ಅವನು ಆರು ಶನಿವಾರ ಬಂದ. ಅವನ ಹೀರೋ ಒಬ್ಬ ಲೈನ್‌ಮ್ಯಾನ್. ಕಂಬದಲ್ಲಿ ಕರೆಂಟ್ ಹೊಡೆದ ಮೇಲೆ ಊರಿನ ಯಾವ ತಂತಿಯಲ್ಲಿ ಎಂತ ಹರೀತಾ ಉಂಟು ಅಂತ ಅವನಿಗೆ ಕೇಳ್ತದೆ. ಎಷ್ಟು ಒಳ್ಳೇ ಯೋಚನೆ ನೋಡಿ! ನಾನು ಹಾಳೆಯಲ್ಲಿ ಬರೆದದ್ದು: ವಿದ್ಯುತ್ ಪೆಟ್ಟು, ರ‍್ಯಾಂಕ್ 10. ನಮ್ಮ ಮೇಜಿನಲ್ಲಿ ಪುಣೆಯವ ಒಬ್ಬ, ಡೆಲ್ಲಿಯವಳು ಒಬ್ಬಳು ಇದ್ದಾರೆ, ಮಣಿಪಾಲ ಅಂದರೆ ಹಾಗೇ ಅಲ್ವಾ. ಆದ್ದರಿಂದ ಆಟ ಇಂಗ್ಲಿಷಿನಲ್ಲಿ. ಅವನಿಗೆ ಇಂಗ್ಲಿಷ್ ಬರ್ತದೆ, ಕೆಲಸ ಮಾಡುವುದೂ ಅದರಲ್ಲೇ. ಆದರೆ ಕೆಲಸದ ಇಂಗ್ಲಿಷ್ ಬೇರೆ, ಒಬ್ಬ ಮನುಷ್ಯನಾಗಿ ನಿಂತು ಎದುರಿನವನ ಹತ್ತಿರ ವಾದ ಮಾಡುವ ಮಾತು ಬೇರೆ. ಅವನು ಸ್ವಲ್ಪ ಹೊತ್ತು ತಗೊಳ್ತಿದ್ದ. ಆಟ ನಿಧಾನ ಆಗ್ತದೆ ಅಂತ ನಾನು ಒಂಬತ್ತನೇ ಪುಟದಲ್ಲಿ ಹೊಸ ನಿಯಮ ಸೇರಿಸಿದೆ: 10 ಸೆಕೆಂಡಿನೊಳಗೆ ಏನು ಮಾಡ್ತೀರಿ ಅಂತ ಹೇಳದಿದ್ದರೆ ಸರದಿ ಹೋಯ್ತು. ಟೈಮರ್ ಬಂದದ್ದು ಆಗ.

ಏಳನೇ ಶನಿವಾರ ಅವನು ಬರಲಿಲ್ಲ. ಎಂಟನೆಯದಕ್ಕೂ ಇಲ್ಲ. ಫೋನ್ ಮಾಡಿದರೆ, "ಇಲ್ಲ ಮಾರಾಯ, ಈ ವಾರ ಸ್ವಲ್ಪ ಕೆಲಸ ಉಂಟು" ಅಂದ. ನಾನು ನಂಬಿದೆ. ನಂಬಲಿಕ್ಕೆ ಸುಲಭ ಇತ್ತು.

ಎರಡು ತಿಂಗಳು ಕಳೆದು ಅವನದ್ದೇ ಊರಿನ ಕಡೆ ಒಂದು ದೇವಸ್ಥಾನದ ಸಭಾಂಗಣದಲ್ಲಿ ತಾಳಮದ್ದಲೆ ಅಂತ ಗೊತ್ತಾಗಿ ಹೋದೆ. ಹವ್ಯಾಸಿಗಳ ಕೂಟ. ವಾಲಿ ವಧೆ ಪ್ರಸಂಗ. ವಾಲಿಯ ಅರ್ಥ ಹೇಳಲಿಕ್ಕೆ ಕೂತದ್ದು ಇವನು. ಬಿಳಿ ಪಂಚೆ, ಹೆಗಲಿಗೆ ಶಾಲು. ನನ್ನ ಟೈಮರಿಗೆ ಸಿಕ್ಕಿ ಬಾಯಿ ಕಟ್ಟಿ ಕೂತವ ಅಲ್ಲಿ ನಲವತ್ತು ನಿಮಿಷ ಒಂದು ಚೀಟಿ ನೋಡದೆ ಮಾತಾಡಿದ. "ನಿನಗೂ ನನಗೂ ಎಂತ ಹಗೆ? ಸೀತೆ ಬೇಕಾದರೆ ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತಲ್ಲ? ಮರದ ಮರೆಯಿಂದ ಯಾಕೆ?" ಅಂತ ಅವನು ಕೇಳಿದಾಗ ರಾಮನ ಅರ್ಥ ಹೇಳುವ ಮೇಷ್ಟ್ರು ನಿಜವಾಗಿ ಒಂದು ಕ್ಷಣ ಸುಮ್ಮನಾದರು. ಸಭೆ ಮುಂದೆ ಬಾಗಿತು. ನನ್ನ ಮುಖಕ್ಕೆ ಯಾರೋ ನೀರು ಎರಚಿದ ಹಾಗಾಯ್ತು.

ತಾಳಮದ್ದಲೆ ನೋಡದ ಬೆಂಗಳೂರಿನವರಿಗೆ ಹೇಳ್ತೇನೆ. ಇದು ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ, ಚೆಂಡೆ ಮದ್ದಲೆ ಇರ್ತದೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಒಬ್ಬರು ನಡೆಸುವ ಕತೆಯೊಳಗೆ ಬಾಯಿಗೆ ಬಂದ ಮಾತಿನಿಂದ ಆಡುವುದು ಅಂದರೆ ನಮ್ಮ ಶನಿವಾರದ ಆಟಕ್ಕೂ ಇದಕ್ಕೂ ಎಷ್ಟು ದೂರ ಹೇಳಿ. ವ್ಯತ್ಯಾಸ ಒಂದುಂಟು. ಇಲ್ಲಿ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯ್ತಾನೆ. ಎದುರಾಳಿಯ ಅರ್ಧ ಬಲ ತನಗೆ ಬರುವ ವರ ಇದ್ದವ ಅವನು. ನನ್ನ ಎಕ್ಸೆಲ್ ಶೀಟಿಗೆ ಹಾಕಿದರೆ ಅವನನ್ನು ಸೋಲಿಸಲಿಕ್ಕೇ ಆಗುವುದಿಲ್ಲ, ಫಾರ್ಮುಲಾ ಸುತ್ತು ಹೊಡೀತದೆ. ಪ್ರಸಂಗಕ್ಕೆ ಆ ತಲೆಬಿಸಿ ಇಲ್ಲ. ಒಂದು ಬಾಣ, ಮುಗೀತು. ಜನ ಎರಡು ಗಂಟೆ ಕೂರುವುದು ಆ ಬಾಣ ಸರಿಯಾ, ಅದನ್ನು ಬಿಟ್ಟವ ಏನು ಕಳಕೊಂಡ ಅಂತ ಕೇಳಲಿಕ್ಕೆ.

ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಹೆಸರು ಮಾಡಿದ ಅರ್ಥಗಳನ್ನು ನೋಡಿ: ವಾಲಿ, ರಾವಣ, ಮಾಗಧ. ಎಲ್ಲ ಸೋಲುವವರು. ಸೋಲುವವನ ಕಡೆಯ ವಾದ ಗಟ್ಟಿ ಇದ್ದರೆ ಮಾತ್ರ ಗೆದ್ದವನಿಗೆ ಬೆಲೆ ಅಂತ ಈ ಊರಿನ ಪ್ರೇಕ್ಷಕರಿಗೆ ಬಹಳ ಹಿಂದೆಯೇ ಗೊತ್ತಿತ್ತು. ನಾವು ಮಾತ್ರ ವಿಲನ್‌ಗೆ ಅಂಕ ಕೊಟ್ಟು ಕೂರ್ತೇವೆ, ಬಾಯಿ ಕೊಡುವುದಿಲ್ಲ.

ಮರುದಿನ ನಾನು ಆ ಡಾಕ್ಯುಮೆಂಟ್ ಡಿಲೀಟ್ ಮಾಡಿದೆ. ಎಕ್ಸೆಲ್ ಶೀಟನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಸುಳ್ಳು ಹೇಳುವುದಿಲ್ಲ, ಅದರ ಮೇಲೆ ಪ್ರೀತಿ. ಈಗ ನಮ್ಮಲ್ಲಿ ಒಂದೇ ಪುಟ.

ಅದರ ಮೊದಲ ನಿಯಮ: ಗೆಲ್ತೀರಾ ಅಂತ ದಾಳ ಹಾಕಬೇಡಿ, ಗೆದ್ದದ್ದಕ್ಕೆ ಏನು ತೆರ್ತೀರಿ ಅಂತ ಹಾಕಿ. ಕಲ್ಸಂಕದಲ್ಲಿ ಬ್ರೇಕ್ ಹೋದ ಬಸ್ಸು ಬರ್ತಾ ಉಂಟು. ನಿಮ್ಮ ಹೀರೋಗೆ ಬಸ್ಸು ಹಿಡಿಯುವ ಶಕ್ತಿ ಉಂಟಾ? ಉಂಟು. ಹಾಗಾದರೆ ಹಿಡಿದಾಯ್ತು, ದಾಳ ಬೇಡ. ಈಗ ದಾಳ ಹಾಕಿ: ಮುಖವಾಡ ಜಾರಿ ಕಂಡಕ್ಟರ್ ನಿಮ್ಮ ಗುರುತು ಹಿಡಿದನಾ? ಟ್ರಾಫಿಕ್ ಬ್ಲಾಕಾಗಿ ಹಿಂದೆ ಆಂಬುಲೆನ್ಸ್ ಸಿಕ್ಕಿಬಿತ್ತಾ? ತಂಗಿಯ ನಿಶ್ಚಿತಾರ್ಥಕ್ಕೆ ನೀವು ಇನ್ನು ತಲುಪ್ತೀರಾ? ಸೂಪರ್‌ಹೀರೋ ಕತೆಯ ಜೀವ ಇರುವುದೇ ಇಲ್ಲಿ. 'ಮಿನ್ನಲ್ ಮುರಳಿ' ನೋಡಿದವರಿಗೆ ಆ ಟೈಲರ್ ಎಷ್ಟು ಕಿಲೋ ಎತ್ತಿದ ಅಂತ ನೆನಪುಂಟಾ? ಊರಿನವರು ಅವನನ್ನು ಏನಂತ ತಿಳಿದರು ಅನ್ನುವುದು ನೆನಪುಂಟು. ನ್ಯಾಯವಾಗಿ ಹೇಳಬೇಕಾದರೆ ಪುಸ್ತಕಗಳಲ್ಲೂ ಇದು ಇಲ್ಲದ್ದಲ್ಲ. 'ಮ್ಯುಟೆಂಟ್ಸ್ ಆಂಡ್ ಮಾಸ್ಟರ್‌ಮೈಂಡ್ಸ್'ನಲ್ಲಿ ನಿಮ್ಮ ಹೀರೋವಿನ ಮನೆ ತಾಪತ್ರಯ ಆಟಕ್ಕೆ ಅಡ್ಡ ಬಂದಾಗ ಜಿಎಂ ನಿಮಗೆ ಹೀರೋ ಪಾಯಿಂಟ್ ಕೊಡ್ತಾನೆ. 'ಮಾಸ್ಕ್ಸ್' ಅನ್ನುವ ಆಟದಲ್ಲಿ ಪೆಟ್ಟಿನ ಲೆಕ್ಕವೇ ಇಲ್ಲ. ಪೆಟ್ಟು ಬಿದ್ದರೆ ಸಿಟ್ಟು, ಹೆದರಿಕೆ, ತಪ್ಪಿತಸ್ಥ ಭಾವ ಅಂತ ಗುರುತು ಹಾಕ್ತಾರೆ. ದೊಡ್ಡವರು ನಿಮ್ಮ ಬಗ್ಗೆ ಹೇಳಿದ ಮಾತಿನಿಂದ ನಿಮ್ಮ ಅಂಕ ಹೆಚ್ಚುಕಡಿಮೆ ಆಗ್ತದೆ. ಮದುವೆ ಮನೆಯಲ್ಲಿ "ಈಗ ಎಂತ ಕೆಲಸ?" ಅನ್ನುವ ದೊಡ್ಡಪ್ಪನನ್ನು ಎದುರಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುಸ್ತಕದ ಅಂಥ ಪುಟಗಳನ್ನೇ ನಾವು ದಾಟಿಸಿ ಓದಿದ್ದು.

ಎರಡನೆಯದ್ದು, ಮೊದಲ ಪೆಟ್ಟಿಗಿಂತ ಮೊದಲು ಮಾತು. ವಿಲನ್‌ನ ಪಾತ್ರವನ್ನು ಪ್ರತಿ ಸಲ ಆಟಗಾರರಲ್ಲೇ ಒಬ್ಬರಿಗೆ ಕೊಡುವುದು, ಜಿಎಂ ಅದನ್ನು ಹಿಡಕೊಂಡು ಕೂರಬಾರದು. ಅವನ ವಾದಕ್ಕೆ ಉತ್ತರ ಕೊಡದೆ ಗುದ್ದಿದರೆ ಗುದ್ದಬಹುದು, ಆದರೆ ತೆರುವ ದಾಳವನ್ನು ಎರಡು ಸಲ ಹಾಕಿ ಕೆಟ್ಟದ್ದನ್ನು ತಗೊಳ್ಳಬೇಕು.

ಟೈಮರ್ ಹೋಯ್ತು. ತಾಳಮದ್ದಲೆಯಲ್ಲಿ ಮಾತು ಉದ್ದ ಆದರೆ ಭಾಗವತರು ಗಡಿಯಾರ ತೋರಿಸುವುದಿಲ್ಲ, ಮುಂದಿನ ಪದ್ಯ ಎತ್ತಿಬಿಡ್ತಾರೆ. ಅರ್ಥಧಾರಿ ಎಷ್ಟು ದೊಡ್ಡವರಾದರೂ ಅಲ್ಲಿಗೆ ನಿಲ್ಲಿಸಬೇಕು. ಜಿಎಂ ಮಾಡಬೇಕಾದ್ದೂ ಅದನ್ನೇ: ಮಾತು ಎಳೆದರೆ ಮುಂದಿನ ಘಟನೆ ತಂದುಹಾಕು, "ಅಷ್ಟರಲ್ಲಿ ಕರೆಂಟ್ ಹೋಯ್ತು" ಅನ್ನು. ಬಾಯಿ ತಡವರಿಸಿದವನಿಗೆ ಮಾತ್ರ ಕಾಯಬೇಕು.

ಭಾಷೆ: ಯಾವುದರಲ್ಲಿ ಪಾತ್ರ ಬಾಯಿಗೆ ಬರ್ತದೋ ಅದರಲ್ಲಿ ಮಾತಾಡಿ, ಪಕ್ಕದವರು ಒಂದು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳ್ತಾರೆ. ಪುಣೆಯವ ಮೊದಲ ದಿನ ಮುಖ ಸಿಂಡರಿಸಿದ. ಎರಡನೇ ದಿನ ಅವನ ಹೀರೋ ಮರಾಠಿಯಲ್ಲಿ ಬೈದದ್ದು ಕೇಳಬೇಕಿತ್ತು ನೀವು.

ಇನ್ನೊಂದು ಸಾಲು ಉಂಟು, ಅದಕ್ಕೆ ತುಂಬ ಜನ ನನ್ನ ಮೇಲೆ ಹಾರಿಬಿದ್ದಿದ್ದಾರೆ. ದೈವಗಳು ಹೀರೋ ಆಗುವ ಹಾಗಿಲ್ಲ. 2022ರಲ್ಲಿ 'ಕಾಂತಾರ' ಬಂದ ಮೇಲೆ ಪ್ರತಿ ಹೊಸ ಆಟಗಾರನಿಗೂ ಪಂಜುರ್ಲಿಯ ಶಕ್ತಿ ಬೇಕು, ಗುಳಿಗನ ಕೂಗು ಬೇಕು. "ಥೋರ್ ಆಗಬಹುದು, ಗುಳಿಗ ಯಾಕಾಗಬಾರದು, ನಮ್ಮದನ್ನೇ ಆಡಬೇಕು ಅಂತ ನೀನೇ ಹೇಳ್ತಿ" ಅಂತ ವಾದ. ಥೋರ್‌ಗೆ ಹರಕೆ ಹೇಳಿಕೊಂಡವರು ನಮ್ಮ ಮೇಜಿನಲ್ಲಿ ಯಾರೂ ಇಲ್ಲ. ಗುಳಿಗನಿಗೆ ಹೇಳಿಕೊಂಡವರು ಇಬ್ಬರಿದ್ದಾರೆ. ಅವರ ಮನೆಯ ಹಿಂದಿನ ಕಲ್ಲಿಗೆ ನಾನು ರ‍್ಯಾಂಕ್ ಬರೆಯುವುದಿಲ್ಲ. ನಮ್ಮ ಊರನ್ನು ಆಟಕ್ಕೆ ತರುವುದು ಅಂದರೆ ನಮ್ಮ ದೇವರಿಗೆ ಕೇಪ್ ತೊಡಿಸುವುದು ಅಂತ ತಿಳಿದವರ ಹತ್ತಿರ ನನ್ನ ಜಗಳ ಮುಂದುವರಿಯಲಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪ್ರಿಂಟ್ ಮಾಡಿಸಿದ ಗೊಂಬೆ, ಡಾಲರ್ ಕೊಟ್ಟು ತರಿಸಿದ ಪರದೆ, ತಿಂಗಳ ಚಂದಾ ಕೇಳುವ ಆ್ಯಪು, ಇವು ಇಲ್ಲದಿದ್ದರೆ ಆಟ ಆಗುವುದಿಲ್ಲ ಅನ್ನುವವರಿಗೆ ಮಾರುವ ಕೆಲಸ ಇರ್ತದೆ, ಇಲ್ಲವೇ ಕೊಂಡ ದುಡ್ಡಿನ ಸಂಕಟ ಇರ್ತದೆ. ಇಪ್ಪತ್ತು ಮುಖದ ದಾಳ ಸಿಗದಿದ್ದರೆ ಸ್ಟೀಲ್ ಲೋಟದಲ್ಲಿ 1ರಿಂದ 20ರ ತನಕ ಚೀಟಿ ಹಾಕಿ ಎತ್ತಿ. ನಾವು ಉಳಿಸಿಕೊಂಡದ್ದು ಮೂರೇ. ಕನ್ನಡದಲ್ಲಿ ಬರೆದ ಪಾತ್ರದ ಹಾಳೆ, ಅದರಲ್ಲಿ ಶಕ್ತಿಗೆ ಎರಡು ಸಾಲು, 'ಯಾರಿಗೆ ಏನು ಮಾತು ಕೊಟ್ಟಿದ್ದೀಯ' ಅನ್ನುವುದಕ್ಕೆ ಹತ್ತು ಸಾಲು. ಕಾಪುವಿನಿಂದ ಮಣಿಪಾಲದ ತನಕದ ಒಂದು ಕೈಬರಹದ ನಕ್ಷೆ, ಕೆಡವಿದ್ದಕ್ಕೆಲ್ಲ ಅದರಲ್ಲಿ ಕೆಂಪು ಶಾಯಿ. ಮುಂದಿನ ವಾರ ಬಂದರೂ ಆ ಸೇತುವೆ ಮುರಿದೇ ಇರ್ತದೆ, ಬಸ್ಸು ಸುತ್ತಿ ಬರಬೇಕು. ಮತ್ತೆ ಒಂದು ಪಟ್ಟಿ: ಹೀರೋ ಉಳಿಸಿದ ಜನರ ಹೆಸರು. ಹೆಸರಿಡದೆ ಯಾರನ್ನೂ ಉಳಿಸುವ ಹಾಗಿಲ್ಲ.

ಕಾರ್ಕಳದವನಿಗೆ ಈ ಒಂದು ಪುಟ ಕಳಿಸಿದೆ, ಟೈಮರ್ ವಿಷಯಕ್ಕೆ ತಪ್ಪಾಯ್ತು ಅಂತಲೂ ಬರೆದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ರಾತ್ರಿ ಫೋನ್ ಮಾಡಿದ. ಟೈಮರ್ ಬಗ್ಗೆ ಅವನು ಎತ್ತಲಿಲ್ಲ, ಎತ್ತಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಪುಟವನ್ನು ಮಾತ್ರ ಸರಿಯಾಗಿ ಓದಿದ್ದ.

"ಈ ವಿಲನ್ ಉಂಟಲ್ಲ," ಅಂದ, "ಅವನನ್ನು ಮೊದಲೇ ಹೇಳಿಟ್ಟುಕೊಳ್ಳಬಹುದಾ, ಇಲ್ಲ ಚೀಟಿ ಎತ್ತಬೇಕಾ?"